ಕೆಂಡ ಕೊಡದ ತಾತ

ಟೆಕ್ಸಸ್ ಅಂದರೆ ಬಿಸಿಲು, ಕುದುರೆ, ಎಣ್ಣೆಬಾವಿ ಅಂದುಕೊಂಡವರಿಗೆ ಈ ಕತೆ ಹಸಿ ಸುಳ್ಳು ಅನ್ನಿಸುತ್ತದೆ. ಮೈನಸ್ 14 ಡಿಗ್ರಿ ಚಳಿ, ಊರಿಗೆ ಊರೇ ಕತ್ತಲು, ಮೊಣಕಾಲ ಕೆಳಗೆ ಹಿಮ, ಅಂಥದ್ದರಲ್ಲಿ ಒಬ್ಬ ತಾತ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಹಂದಿ ಮಾಂಸ ಬೇಯಿಸುತ್ತಿದ್ದರು ಅಂದರೆ ಯಾರು ನಂಬುತ್ತಾರೆ? ನಂಬುವುದು ಬಿಡುವುದು ನಿಮಗೆ ಸೇರಿದ್ದು. ಒಲೆ ಮುಂದೆ ಕೂತಾಗ ಹೇಳುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ತಕ್ಕ ಕತೆ ಇಲ್ಲ. ಇನ್ನೊಂದು ಸೌದೆ ಒಟ್ಟಿ, ಹೇಳುತ್ತೇನೆ.

2021ರ ಫೆಬ್ರವರಿ. ನಾವಿದ್ದದ್ದು ಆಸ್ಟಿನ್ ನಗರದ ಉತ್ತರ ಭಾಗದ ಒಂದು ಬಡಾವಣೆಯಲ್ಲಿ. ಕೊರೊನಾ ಕಾಲ. ಅಕ್ಕಪಕ್ಕದವರ ಮುಖ ನೋಡಿಯೇ ತಿಂಗಳುಗಳಾಗಿದ್ದವು; ನೋಡಿದರೂ ಮಾಸ್ಕಿನ ಮೇಲಿನ ಅರ್ಧ ಮುಖ. ನಾನು ಚಳ್ಳಕೆರೆಯವನು, ಹೆಂಡತಿ ಕೊಡಗಿನವಳು. ಅವಳ ತಾಯಿ ಮಡಿಕೇರಿಯಲ್ಲಿ ಇಂಗ್ಲಿಷ್ ಟೀಚರಾಗಿದ್ದು ನಿವೃತ್ತರಾದವರು. 2020ರ ಜನವರಿಯಲ್ಲಿ, ಮೊಮ್ಮಕ್ಕಳನ್ನು ನೋಡಿಕೊಂಡು ಬೇಸಿಗೆಗೆ ಮುಂಚೆ ಊರು ಸೇರುತ್ತೇನೆ ಎಂದು ಬಂದವರು ವಿಮಾನಗಳು ನಿಂತು ನಮ್ಮಲ್ಲೇ ಉಳಿದುಬಿಟ್ಟರು. ಬರುವಾಗ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಕಾಚಂಪುಳಿ, ಅಂದರೆ ಕೊಡಗಿನ ಹುಳಿ, ತಂದಿದ್ದರು. ಅದಿಲ್ಲದೆ ಪಂದಿಕರಿ ಆಗುವುದಿಲ್ಲ ಎಂಬುದು ಕೊಡಗಿನಲ್ಲಿ ಮಗುವಿಗೂ ಗೊತ್ತು. ಆ ಬಾಟಲಿ ಕೊನೆಗೆ ಮತ್ತೆ ಬರುತ್ತದೆ, ಮರೆಯಬೇಡಿ.

ಹಿತ್ತಲ ಬೇಲಿಯ ಆಚೆ ಮನೆ ಈ ತಾತನದು. ಆರಡಿ ಎತ್ತರದ ಹಲಗೆ ಬೇಲಿಯ ಮೇಲಿಂದ ಟೋಪಿ ಮತ್ತು ಬಿಳಿ ಹುಬ್ಬು ಮಾತ್ರ ಕಾಣುತ್ತಿದ್ದದ್ದರಿಂದ ನಮ್ಮ ಮಕ್ಕಳು ಅವರಿಗೆ ‘ಬೇಲಿ ತಾತ’ ಎಂದು ಹೆಸರಿಟ್ಟಿದ್ದರು. ಅಗ್ನಿಶಾಮಕ ದಳದಲ್ಲಿ ಜೀವಮಾನವಿಡೀ ದುಡಿದವರು. ಇಷ್ಟು ವರ್ಷ ಆರಿಸಿದ್ದಾಯಿತು, ಇನ್ನು ಹೊತ್ತಿಸುವುದು ಎಂದು ಅವರೇ ನಗುತ್ತಿದ್ದರು. ಹೊತ್ತಿಸಲು ಅವರ ಹಿತ್ತಲಲ್ಲಿ ಒಂದು ಸ್ಮೋಕರ್ ಇತ್ತು: ದಪ್ಪ ಉಕ್ಕಿನ ಉದ್ದನೆಯ ಪೀಪಾಯಿ, ಅಡ್ಡ ಮಲಗಿಸಿದ್ದು. ಒಂದು ತುದಿಗೆ, ಸ್ವಲ್ಪ ತಗ್ಗಿನಲ್ಲಿ, ಸೌದೆ ಉರಿಯುವ ಗೂಡು. ಇನ್ನೊಂದು ತುದಿಗೆ ಚಿಮಣಿ. ಬೆಂಕಿ ಇರುವ ಕಡೆ ಮಾಂಸವಿಲ್ಲ, ಮಾಂಸ ಇರುವ ಕಡೆ ಬೆಂಕಿಯಿಲ್ಲ. ನಡುವಿನ ಕಿಂಡಿಯಿಂದ ಬಿಸಿಗಾಳಿ, ಹೊಗೆ ಮಾತ್ರ ನುಗ್ಗಿ ಮಾಂಸವನ್ನು ಸವರಿಕೊಂಡು ಚಿಮಣಿಯಿಂದ ಹೊರಬೀಳಬೇಕು. ಒಳಗೆ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 120 ಸೆಲ್ಸಿಯಸ್, ಅದಕ್ಕಿಂತ ಹೆಚ್ಚಿಲ್ಲ. ನಮ್ಮಲ್ಲಿ ಕಡಲೆಕಾಯಿ ಹುರಿಯುವುದಕ್ಕೂ ಇದಕ್ಕಿಂತ ಜೋರು ಉರಿ ಬೇಕು.

ಹೊಗೆ ಹಾಕುವುದು ಅಂದರೆ ಹೊಗೆ ಎಬ್ಬಿಸುವುದು ಎಂದು ನಾನು ತಿಳಿದಿದ್ದೆ. ತಾತ ಮೊದಲು ಬಿಡಿಸಿದ್ದೇ ಆ ಭ್ರಮೆಯನ್ನು. ಚಿಮಣಿಯಿಂದ ಬೆಳ್ಳಗೆ ದಟ್ಟ ಹೊಗೆ ಬಂದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ; ಅದರಲ್ಲಿರುವ ಕೀಲೆಣ್ಣೆಯಂಥ ಅಂಶ ಮಾಂಸದ ಮೇಲೆ ಕೂತು ನಾಲಿಗೆ ಕಹಿಯಾಗುತ್ತದೆ. ಒಳ್ಳೆಯ ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಇರಬೇಕು. ಅದಕ್ಕೆ ಚೆನ್ನಾಗಿ ಒಣಗಿದ ಸೀಳು ಸೌದೆ, ಸಣ್ಣ ಬೆಂಕಿ, ಧಾರಾಳ ಗಾಳಿ. ಮುಕ್ಕಾಲು ಗಂಟೆಗೊಂದು ಸೌದೆ, ಅದೂ ಗೂಡಿನ ನೆತ್ತಿಯ ಮೇಲಿಟ್ಟು ಬಿಸಿ ಮಾಡಿದ ಮೇಲೆ ಒಳಗೆ. ಹೀಗೆ ಮಾಡಿದರೆ ಹಾಕಿದ ತಕ್ಷಣ ಹತ್ತಿಕೊಳ್ಳುತ್ತದೆ, ಹೊಗೆಯಾಡುವುದಿಲ್ಲ.

ಮಧ್ಯ ಟೆಕ್ಸಸ್‌ನಲ್ಲಿ ಈ ವಿದ್ಯೆಗೆ ದೊಡ್ಡ ಚರಿತ್ರೆಯಿದೆ. 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್, ಚೆಕ್ ಕಟುಕರು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ತುಂಡುಗಳನ್ನು ಹೊಗೆಯಲ್ಲಿ ಬೇಯಿಸಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ ಕೆಂಡದ ಮೇಲೆ ಇಡೀ ಪ್ರಾಣಿ ಬೇಯಿಸುವ ಕಲೆ ಗುಲಾಮಗಿರಿಯ ಕಾಲದಿಂದ ಕಪ್ಪು ಜನರ ಕೈಯಲ್ಲಿತ್ತು. ಹೆಸರು ಬಂದದ್ದು ಬಹುಪಾಲು ಬೇರೆಯವರಿಗೆ. ಆಸ್ಟಿನ್‌ನ ದಕ್ಷಿಣಕ್ಕೆ ಲಾಕ್‌ಹಾರ್ಟ್ ಎಂಬ ಪುಟ್ಟ ಊರಿದೆ. ಅದನ್ನು 1999ರಲ್ಲಿ ಟೆಕ್ಸಸ್‌ನ ಶಾಸನಸಭೆಯ ಕೆಳಮನೆ ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಎಂದು ಠರಾವು ಮಾಡಿ ಘೋಷಿಸಿತು. (ಶಾಸಕರಿಗೆ ಇಂಥ ಕೆಲಸಕ್ಕೆ ಎಲ್ಲ ಊರಲ್ಲೂ ಬಿಡುವಿರುತ್ತದೆ.) ಅಲ್ಲಿನ ರಾಜಮರ್ಯಾದೆ ದನದ ಎದೆಭಾಗಕ್ಕೆ, ಬ್ರಿಸ್ಕೆಟ್ಟಿಗೆ. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲವೆಂದು ತಿಳಿದ ಮೇಲೆ ತಾತ ನಮಗೂ ಪಾಲು ಕೊಡಬೇಕಾದ ದಿನ ಹಂದಿಯ ಭುಜ ತರುತ್ತಿದ್ದರು. ಕಾರಣ ಕೇಳಲಿಲ್ಲ, ಪ್ರಶ್ನೆ ಮಾಡಲಿಲ್ಲ. ಈ ಗುಣಕ್ಕೇ ಅತ್ತೆ ಅವರನ್ನು ಮೆಚ್ಚಿದ್ದು.

ಮೆಚ್ಚಿದರೂ ವಾದ ನಿಂತಿರಲಿಲ್ಲ. ಅತ್ತೆಯ ಬಾಲ್ಯದಲ್ಲಿ ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಇರುತ್ತಿತ್ತು. ಮಳೆಗಾಲಕ್ಕೆಂದು ಮಾಂಸದ ಪಟ್ಟಿಗಳಿಗೆ ಉಪ್ಪು ಅರಿಸಿನ ಸವರಿ, ಪೋಣಿಸಿ, ಅಲ್ಲಿ ತೂಗುಹಾಕುತ್ತಿದ್ದರು. ದಿನವೂ ಅಡುಗೆಯ ಹೊಗೆ ತಾಗಿ ತಾಗಿ ಅದು ಕಪ್ಪಗೆ ಒಣಗುತ್ತಿತ್ತು. ತಿಂಗಳಾದರೂ ಕೆಡುತ್ತಿರಲಿಲ್ಲ. “ನೀವು ಒಂದು ರಾತ್ರಿಯಲ್ಲಿ ಮುಗಿಸುವುದಕ್ಕೆ ಹೊಗೆ ಅನ್ನುತ್ತೀರಿ” ಎಂದು ಬೇಲಿಯ ಈಚೆಯಿಂದ ಅತ್ತೆ. “ನೀವು ಒಣಗಿಸುತ್ತೀರಿ ಮ್ಯಾಮ್, ನಾನು ಬೇಯಿಸುತ್ತೇನೆ” ಎಂದು ಆಚೆಯಿಂದ ತಾತ. ನಿಜಕ್ಕೂ ಇವೆರಡು ಬೇರೆ ಬೇರೆ ಕೆಲಸಗಳೇ. ತಾತನ ಮಾಂಸ ಅಂದೇ ತಿನ್ನಬೇಕು, ಇಲ್ಲವೇ ಫ್ರಿಜ್ಜಿಗೆ ಹೋಗಬೇಕು. ಅತ್ತೆಯದು ಫ್ರಿಜ್ ಹುಟ್ಟುವ ಮೊದಲಿನದು.

ಫೆಬ್ರವರಿ 15 ಸೋಮವಾರ, ಪ್ರೆಸಿಡೆಂಟ್ಸ್ ಡೇ ರಜೆ. ಮಧ್ಯಾಹ್ನಕ್ಕೆ ತಯಾರಾಗಲೆಂದು ತಾತ ಭಾನುವಾರ ಸಂಜೆಯೇ ಬೆಂಕಿ ಹಾಕಿದರು. ನಾಲ್ಕು ಕಿಲೋ ಮೇಲಿದ್ದ ಮೂಳೆಸಹಿತದ ಭುಜ, ಉಪ್ಪು ಮತ್ತು ಕುಟ್ಟಿದ ಮೆಣಸು ಬಿಟ್ಟರೆ ಬೇರೇನೂ ಸವರಿಲ್ಲ. ಜೊತೆಗೆ ಒಂದು ಸಾಲು ಪಕ್ಕೆಲುಬು. ಟೀವಿಯವರು ಎರಡು ದಿನದಿಂದ ಹಿಮ, ಹಿಮ ಎಂದು ಬಡಿದುಕೊಳ್ಳುತ್ತಿದ್ದರು. ರಾಜ್ಯದ 254 ಕೌಂಟಿಗಳಿಗೂ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ತಾತ ಗ್ಯಾರೇಜಿನಿಂದ ವೆಲ್ಡಿಂಗ್ ಮಾಡುವವರು ಬಳಸುವ ಉರಿನಿರೋಧಕ ಕಂಬಳಿ ತಂದು ಪೀಪಾಯಿಗೆ ಹೊದೆಸಿದರು. ಮಕ್ಕಳು ಸ್ಮೋಕರಿಗೂ ಚಳಿಯಾ ಎಂದು ನಕ್ಕವು. ಕತ್ತಲಾಗುವಾಗ ಹಿಮ ಶುರುವಾಯಿತು.

ರಾತ್ರಿ ಎರಡರ ಸುಮಾರಿಗೆ ನನಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಹೀಟರಿನ ಗುಂಯ್‌ಗುಡುವಿಕೆ ನಿಂತಿತ್ತು. ಕಿಟಕಿಯ ಪರದೆ ಸರಿಸಿದರೆ ಬೀದಿದೀಪವಿಲ್ಲ, ಎದುರು ಮನೆಯ ಗೇಟಿನ ಬಲ್ಬಿಲ್ಲ. ಹಿತ್ತಲ ಕಡೆ ಬಂದೆ. ಬೇಲಿಯ ಹಲಗೆಗಳ ನಡುವೆ ಕೆಂಪು ಗೆರೆಗಳು ಕಂಡವು. ಇಡೀ ಬಡಾವಣೆಯಲ್ಲಿ ಅದೊಂದೇ ಬೆಳಕು. ಎರಡು ಸ್ವೆಟರ್ ಏರಿಸಿಕೊಂಡು ಹೋದೆ.

ತಾತ ಗೂಡಿನ ಬಾಗಿಲು ಅರ್ಧ ತೆರೆದು ಕೆಂಡ ಕೆದರುತ್ತಿದ್ದರು. “ನಿದ್ದೆ ಬರಲಿಲ್ಲವಾ?” ಎಂದರು. ಕರೆಂಟು ಹೋಗಿದೆ ಎಂದೆ. ತಿರುಗಿ ಮನೆ ಕಡೆ ನೋಡಿದರು. “ಹೌದಲ್ಲ. ನನಗೆ ಗೊತ್ತೇ ಆಗಲಿಲ್ಲ.” ಅವರ ಸ್ಮೋಕರಿಗೆ ವೈರಿನ ಹಂಗಿರಲಿಲ್ಲ. ಮೂರು ಮನೆ ಆಚೆ ಒಬ್ಬರು ಹೊಸ ಮಾದರಿಯದನ್ನು ಕೊಂಡಿದ್ದರು. ಮರದ ಹೊಟ್ಟಿನ ಗುಳಿಗೆಗಳನ್ನು ಮೋಟಾರು ತಾನೇ ಉಣಿಸುತ್ತದೆ, ಫ್ಯಾನು ತಾನೇ ಊದುತ್ತದೆ, ಫೋನಿನಲ್ಲಿ ಶಾಖ ನೋಡಬಹುದು. ಅದರೊಳಗೆ ಆ ರಾತ್ರಿ ಎರಡು ಕೋಳಿ ಅರೆಬೆಂದು ಕೂತವು. ಬೆಳಿಗ್ಗೆ ಅವನ್ನು ತಟ್ಟೆಯಲ್ಲಿಟ್ಟುಕೊಂಡು ಬಂದ ಯಜಮಾನರ ಮುಖ ನೋಡಿ ತಾತ, ಅವು ಎಷ್ಟು ಹೊತ್ತಿನಿಂದ ಹಾಗೇ ಕೂತಿವೆ ಎಂದು ಕೇಳಿ, ನಯವಾಗಿಯೇ ಕಸದ ಚೀಲ ತೋರಿಸಿದರು.

ಸಮಾಚಾರ ನಮಗೆ ತಿಳಿದದ್ದು ಕಾರಿನ ರೇಡಿಯೊದಿಂದ. ಟೆಕ್ಸಸ್‌ನ ವಿದ್ಯುತ್ ಜಾಲ ಅಮೆರಿಕದ ಉಳಿದ ಜಾಲಗಳಿಂದ ಬಹುಪಾಲು ಬೇರೆಯಾಗಿಯೇ ಇದೆ; ಹೊರಗಿನಿಂದ ಹೆಚ್ಚು ಎರವಲು ತರುವಂತಿಲ್ಲ. ಗ್ಯಾಸಿನ ಬಾವಿ, ಕೊಳವೆ, ಸ್ಥಾವರಗಳ ಉಪಕರಣ ಎಲ್ಲ ಚಳಿಗೆ ಹೆಪ್ಪುಗಟ್ಟಿದ್ದವು. ಬೆಳಗಿನ ಜಾವ ಒಂದೂವರೆಯ ಹೊತ್ತಿಗೆ ಭಾರ ಇಳಿಸಲು ಊರೂರುಗಳ ಕರೆಂಟು ಕಿತ್ತರು. ಇನ್ನು 4 ನಿಮಿಷ 37 ಸೆಕೆಂಡು ತಡವಾಗಿದ್ದರೆ ಇಡೀ ಜಾಲ ಕುಸಿದು ವಾರಗಟ್ಟಲೆ ಕತ್ತಲೆಯಾಗುತ್ತಿತ್ತು ಎಂದು ಆಮೇಲೆ ಅದನ್ನು ನಡೆಸುವವರೇ ಹೇಳಿದರು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿದ್ದವು. ಇರಲಿ. ನಮಗೆ ಬೇಕಾದದ್ದು ಒಂದು ಹಿತ್ತಲಿನ ಕತೆ.

ಬೆಳಗಾಗುವಾಗ ಆ ಹಿತ್ತಲಿಗೆ ಜನ ಬರತೊಡಗಿದರು. ಒಂದು ವರ್ಷ ಪರಸ್ಪರ ದೂರದಿಂದ ಕೈಬೀಸಿದವರು ಈಗ ಬಯಲಲ್ಲಿ, ಆರಡಿ ಅಂತರ ಇಟ್ಟುಕೊಂಡೇ, ಬೆಂಕಿಯ ಸುತ್ತ. ಅತ್ತೆ ದೊಡ್ಡ ಪಾತ್ರೆಯಲ್ಲಿ ಟೀ ನೀರು ತಂದು ಗೂಡಿನ ನೆತ್ತಿಯ ಮೇಲೆ ಇಟ್ಟರು. ಆ ಉಕ್ಕಿನ ಹಾಳೆ ಎಷ್ಟು ಕಾದಿತ್ತೆಂದರೆ ಹಾಲು ಉಕ್ಕುವುದನ್ನು ಕಾಯುವುದೇ ಒಂದು ಕೆಲಸವಾಯಿತು. ಬೆಳಗಿನ ತಿಂಡಿ ಪಕ್ಕೆಲುಬು. ಅಷ್ಟು ಹೊತ್ತಿಗೆ ಅದು ಬೆಂದು, ಮೂಳೆ ಹಿಡಿದೆತ್ತಿದರೆ ಮಾಂಸ ಬಿರಿಯುತ್ತಿತ್ತು. ಒಂದು ಅರ್ಧ ಸಾಲನ್ನು ತಾತ ಕಾಗದದಲ್ಲಿ ಸುತ್ತಿ ಬದಿಗಿಟ್ಟರು.

ಎದುರು ಮನೆಯಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ, ಶುದ್ಧ ಸಸ್ಯಾಹಾರಿಗಳು. ಅವರದು ವಿದ್ಯುತ್ ಒಲೆ. ಸಂಕೋಚದಿಂದ ಬೇಲಿಯ ಬಾಗಿಲಲ್ಲೇ ನಿಂತಿದ್ದರು. ತಾತ ಅವರಿಗೆಂದು ಹಲಾಪೆನ್ಯೊ ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ಬೀಜ ಕೆರೆದು ಇಟ್ಟರು. ಅಲ್ಲಿನವರು ಇದರಲ್ಲಿ ಕ್ರೀಮ್ ಚೀಸ್ ತುಂಬಿ, ಮೇಲೆ ಬೇಕನ್ ಸುತ್ತಿ, ಹಲ್ಲುಕಡ್ಡಿ ಚುಚ್ಚಿ, ಎರಡು ಗಂಟೆ ಹೊಗೆಗೆ ಇಡುತ್ತಾರೆ. ಊಟಕ್ಕೆ ಮುಂಚೆ ಬಾಯಾಡಿಸುವುದಕ್ಕೆ ಬಹಳ ಪ್ರಸಿದ್ಧ. ಅದಕ್ಕೆ ಅವರಿಟ್ಟಿರುವ ಒಂದು ಹೆಸರನ್ನು ಅತ್ತೆಯ ಮುಂದೆ ಹೇಳುವಂತಿರಲಿಲ್ಲ. ಬೇಕನ್ ಬಿಟ್ಟು, ಮಾಂಸದ ಕೊಬ್ಬು ತೊಟ್ಟಿಕ್ಕದ ಮೇಲಿನ ಅರೆಯಲ್ಲಿ, ಬೇರೆ ತಟ್ಟೆಯಲ್ಲಿ ಇಡೋಣ ಎಂದರು ತಾತ. ಕ್ರೀಮ್ ಚೀಸ್ ನೋಡಿ ಅತ್ತೆ ಮೂಗೆಳೆದರು. ಹಿಂದಿನ ದಿನದ ಆಲೂಗಡ್ಡೆ ಪಲ್ಯಕ್ಕೆ ಓಮ ತಿಕ್ಕಿಹಾಕಿ, ಅರ್ಧ ಮೆಣಸಿನಕಾಯಿಗೆ ತುಂಬಿದರು. ಎರಡೂ ಬಗೆ ಒಟ್ಟಿಗೆ ಬೆಂದವು. ಸಿಪ್ಪೆ ಸುಕ್ಕಾಗಿ, ಅಂಚು ಕಂದಿ, ಖಾರ ಇಳಿದು, ಹೊಗೆಯ ವಾಸನೆ ಒಳಗೆ ಕೂತಿತ್ತು. ಚೀಸಿನದೇ ಚೆನ್ನಾಗಿತ್ತು ಎಂದು ನಾನು ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಇತ್ತ ಭುಜ ಹಟ ಹಿಡಿದಿತ್ತು. ಬೆಳಿಗ್ಗೆ ಎಂಟಕ್ಕೆ ಅದರ ಒಳಗಿನ ಶಾಖ 163 ಫ್ಯಾರನ್‌ಹೀಟ್. ಹತ್ತಕ್ಕೆ 163. ಹನ್ನೊಂದಕ್ಕೂ 163. ನಾನು ಥರ್ಮಾಮೀಟರಿನ ಬ್ಯಾಟರಿ ಹೋಗಿದೆ ಎಂದುಕೊಂಡೆ. ಇದು ಎಲ್ಲ ದೊಡ್ಡ ತುಂಡುಗಳಲ್ಲೂ ಆಗುತ್ತದಂತೆ. ಮಾಂಸದ ಒಳಗಿನ ನೀರು ಮೇಲ್ಮೈಗೆ ಬಂದು ಆವಿಯಾಗುತ್ತದೆ. ನಮ್ಮ ಮೈ ಬೆವರಿ ತಂಪಾಗುವ ಹಾಗೆಯೇ, ಬೆಂಕಿ ಕೊಟ್ಟಷ್ಟನ್ನೂ ಆ ಆವಿ ಕಸಿದುಕೊಂಡು ಹೋಗುತ್ತದೆ. ಗಂಟೆಗಟ್ಟಲೆ ಶಾಖ ಮೇಲೇಳುವುದಿಲ್ಲ. ಬೆವರು ಮುಗಿದ ಮೇಲೇ ಮುಂದಕ್ಕೆ. ಸುಮಾರು 200 ಮುಟ್ಟುವ ಹೊತ್ತಿಗೆ, ಅಂದರೆ 93-95 ಸೆಲ್ಸಿಯಸ್‌ನಲ್ಲಿ, ಗಟ್ಟಿ ನಾರೆಲ್ಲ ಕರಗಿ ಅಂಟಾಗಿರುತ್ತದೆ. ಆಗಲೇ ಅದು ಬೆಂದಂತೆ.

“ಅಲ್ಯೂಮಿನಿಯಮ್ ಹಾಳೆ ಸುತ್ತಿದರೆ ಬೇಗ ಆಗುತ್ತದಲ್ಲ?” ಎಂದೆ. ಆಗುತ್ತದೆ ಎಂದರು. ಆದರೆ ಮೇಲಿನ ಕಪ್ಪು ತೊಗಟೆ ಮೆತ್ತಗಾಗಿಬಿಡುತ್ತದೆ. “ಇವತ್ತು ನಿನಗೆ ಬೇರೆ ಎಲ್ಲಾದರೂ ಹೋಗುವುದಿದೆಯಾ?” ಇರಲಿಲ್ಲ. ರಸ್ತೆಯೆಲ್ಲ ಗಾಜಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸೌದೆಯದೇ ಚಿಂತೆ ಶುರುವಾಯಿತು. ತಾತ ಉರಿಸುತ್ತಿದ್ದದ್ದು ಪೋಸ್ಟ್ ಓಕ್, ಆ ಸೀಮೆಯ ಓಕ್ ಮರ. ಆ ಚಳಿಗೆ ಪೀಪಾಯಿ ಎರಡು ಪಟ್ಟು ತಿನ್ನುತ್ತಿತ್ತು. ಯಾರೋ ತಮ್ಮ ಗ್ಯಾರೇಜಿನಿಂದ ಮೆಸ್ಕೀಟ್ ಎಂಬ ಸೌದೆ ತಂದು ಹಾಕಿದರು. ಒಂದು ತುಂಡು ಎತ್ತಿಕೊಂಡೆ. ಕೆಂಗಂದು ತಿರುಳು, ಸೊಟ್ಟ ಬೆಳವಣಿಗೆ. ಇನ್ನೊಂದು ಕೊಂಬೆಯಲ್ಲಿ ಮುಳ್ಳು ಹಾಗೇ ಇತ್ತು. ನೋಡಿದ ತಕ್ಷಣ ಗುರುತು ಸಿಕ್ಕಿತು: ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ. ಚಳ್ಳಕೆರೆಯ ಸುತ್ತ ಕೆರೆಯಂಗಳ, ಬೀಳು, ರಸ್ತೆಬದಿ ಎಲ್ಲವನ್ನೂ ನುಂಗಿ, ನಮ್ಮ ಸೈಕಲ್ ಟ್ಯೂಬುಗಳನ್ನು ಜರಡಿ ಮಾಡಿ, ಅದೇ ಹೊತ್ತಿಗೆ ಎಷ್ಟೋ ಬಡವರಿಗೆ ಇದ್ದಿಲು ಸುಟ್ಟು ಮಾರುವ ಜೀವನೋಪಾಯ ಕೊಟ್ಟ ಮರ. ಅದು 19ನೇ ಶತಮಾನದಲ್ಲಿ ಅಮೆರಿಕ ಖಂಡಗಳಿಂದಲೇ ಭಾರತಕ್ಕೆ ಬಂದದ್ದು. “ಇದರ ಉರಿ ಜೋರು, ಹೊಗೆ ಕಹಿ” ಎಂದು ತಾತ ಹೇಳುವ ಮೊದಲೇ ನಾನು ಹೇಳಿದೆ. ಅವರು ಹುಬ್ಬೇರಿಸಿದರು. ನೇರವಾಗಿ ಗೂಡಿಗೆ ಹಾಕದೆ, ಪಕ್ಕದ ಕಬ್ಬಿಣದ ಬುಟ್ಟಿಯಲ್ಲಿ ಮೊದಲು ಕೆಂಡ ಮಾಡಿಕೊಂಡು, ಆ ಕೆಂಡವನ್ನು ಸಲಿಕೆಯಲ್ಲಿ ಒಳಗೆ ಸುರಿಯುವ ಕೆಲಸ ನನ್ನ ಪಾಲಿಗೆ ಬಂತು.

ಆ ಕೆಂಡದ ಬುಟ್ಟಿಯಿಂದಲೇ ಗಲಾಟೆಯಾದದ್ದು.

ಬೀದಿಯ ಕೊನೆಯ ಬಾಡಿಗೆ ಮನೆಯಲ್ಲಿ ಹೊಸದಾಗಿ ಬಂದಿದ್ದ ಹುಡುಗ ಹುಡುಗಿ, ಅವರಿಗೊಂದು ಕೈಗೂಸು. ಸಂಜೆ ನಾಲ್ಕರ ಹೊತ್ತಿಗೆ ಆ ಹುಡುಗ ತಗಡಿನ ಬಕೆಟ್ ಹಿಡಿದು ಬಂದ. ತುಟಿ ನೀಲಿಗಟ್ಟಿತ್ತು. ಮನೆಯೊಳಗೆ 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ, ಮಗು ಅಳುವುದನ್ನೂ ನಿಲ್ಲಿಸಿದೆ, ಒಂದು ಬಕೆಟ್ ಕೆಂಡ ಕೊಡಿ, ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದ. ನಾನು ಸಲಿಕೆ ಎತ್ತಿದ್ದೆ.

“ಇಲ್ಲ” ಎಂದರು ತಾತ.

ಹುಡುಗನಿಗೆ ಅರ್ಥವಾಗಲಿಲ್ಲ. ಮಗು ಇದೆ ಎಂದು ಮತ್ತೆ ಹೇಳಿದ. “ಮಗು ಇದೆ ಎಂದೇ ಇಲ್ಲ ಅಂದದ್ದು.” ತಾತನ ದನಿ ಏರಿತ್ತು. ಅತ್ತೆ ಎದ್ದು ನಿಂತರು. ಟೀಚರ್ ಇಂಗ್ಲಿಷಿನಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು: ನಮ್ಮ ಊರಿನಲ್ಲಿ ಯಾರಾದರೂ ಬಾಗಿಲಿಗೆ ಬಂದು ಕೆಂಡ ಕೇಳಿದರೆ, ಹಗೆಯವರಾದರೂ ಸರಿ, ಇಲ್ಲ ಅನ್ನುವುದಿಲ್ಲ. ನನ್ನ ತಾಯಿ ಎಷ್ಟು ಮನೆಗಳ ಒಲೆಗೆ ಕೆಂಡ ಕೊಟ್ಟಿದ್ದಾರೋ ಲೆಕ್ಕವಿಲ್ಲ. ನೀವು ಒಳ್ಳೆಯವರು ಎಂದುಕೊಂಡಿದ್ದೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಮ್ಯಾಮ್, ನಿಮ್ಮ ತಾಯಿಯ ಅಡುಗೆಮನೆಯಲ್ಲಿ ಹೊಗೆ ಎಲ್ಲಿ ಹೋಗುತ್ತಿತ್ತು?”

“ಹೆಂಚಿನ ಸಂದಿಯಿಂದ ಹೋಗುತ್ತಿತ್ತು.”

“ಈ ಮನೆಗಳಿಗೆ ಸಂದಿಯೇ ಇಲ್ಲ. ತಣ್ಣನೆಯ ಗಾಳಿ ನುಸುಳಬಾರದು ಎಂದೇ ಕಟ್ಟಿದ್ದಾರೆ. ಒಳಗಿನದೂ ಹೊರಗೆ ಹೋಗುವುದಿಲ್ಲ.”

ಬದಿಗಿಟ್ಟಿದ್ದ ಪಕ್ಕೆಲುಬಿನ ಕಾಗದ ಬಿಚ್ಚಿದರು. ಒಂದು ಎಲುಬು ಬೇರ್ಪಡಿಸಿ, ಕೊಯ್ದ ಮುಖವನ್ನು ಹುಡುಗನ ಕಡೆ ಹಿಡಿದರು. ಮೇಲೆ ಕಪ್ಪು ತೊಗಟೆ. ಒಳಗಡೆ ಬೆಂದ ಮಾಂಸದ ಬೂದು ಬಣ್ಣ. ಇವೆರಡರ ನಡುವೆ ಕಾಲು ಇಂಚಿನಷ್ಟು ಅಗಲಕ್ಕೆ ಗುಲಾಬಿ ಬಣ್ಣದ ಅಂಚು. ಬೆಳಿಗ್ಗೆ ಅದನ್ನೇ ನಾವೆಲ್ಲ ಕೊಂಡಾಡಿಕೊಂಡು ತಿಂದಿದ್ದೆವು. ಹೊಗೆ ಚೆನ್ನಾಗಿ ಹಿಡಿದಿದೆ ಎಂಬುದಕ್ಕೆ ಅದೇ ಗುರುತೆಂದು ಅಲ್ಲಿನವರು ಹೆಮ್ಮೆಪಡುತ್ತಾರೆ. “ಇಷ್ಟು ಹೊತ್ತು ಬೆಂದ ಮೇಲೆ ಈ ಭಾಗವೂ ಬೂದಿಯ ಬಣ್ಣಕ್ಕೆ ತಿರುಗಬೇಕಿತ್ತು. ಯಾಕೆ ತಿರುಗಿಲ್ಲ ಗೊತ್ತಾ?” ಸೌದೆ ಉರಿದಾಗ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್‌ಗೆ ಅವು ಅಂಟಿಕೊಂಡುಬಿಡುತ್ತವೆ, ಬಿಸಿಯಾದರೂ ಬಣ್ಣ ಬಿಡುವುದಿಲ್ಲ. ಇದೇ ಕಾರ್ಬನ್ ಮಾನಾಕ್ಸೈಡ್ ಮನುಷ್ಯರ ರಕ್ತಕ್ಕೂ ಅಂಟುತ್ತದೆ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಡ ಅದನ್ನು ಇನ್ನೂ ಹೆಚ್ಚು ಬಿಡುತ್ತದೆ. ತಲೆ ನೋಯುತ್ತದೆ, ನಿದ್ದೆ ಎಳೆಯುತ್ತದೆ, ಅಷ್ಟೇ.

“ಚಳಿಗಾಲದಲ್ಲಿ ಇಂಥ ಮನೆಗಳ ಬಾಗಿಲು ಒಡೆದಿದ್ದೇನೆ. ಹೊತ್ತು ತಂದವರ ಕೆನ್ನೆ ಕೂಡ ಹೀಗೇ ಗುಲಾಬಿಯಾಗಿತ್ತು” ಎಂದರು. ಎಲುಬು ಇನ್ನೂ ಕೈಯಲ್ಲೇ ಇತ್ತು.

ಯಾರೂ ಮಾತಾಡಲಿಲ್ಲ. ಹುಡುಗ ಬಕೆಟ್ ಕೆಳಗಿಟ್ಟ.

ಮೊದಲು ಚೇತರಿಸಿಕೊಂಡವರು ಅತ್ತೆ. “ಕೆಂಡ ಬೇಡ. ಬಿಸಿ ಕೊಡಬಹುದಲ್ಲ?” ಎಂದು ಕೇಳಿದರು. ತಾತ ಅತ್ತೆಯ ಮುಖ ನೋಡಿದರು, ಸ್ಮೋಕರ್ ನೋಡಿದರು, ನಿಟ್ಟುಸಿರುಬಿಟ್ಟರು. ನಿಟ್ಟುಸಿರು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಪೀಪಾಯಿಯ ತಳದಲ್ಲಿ, ಕಿಂಡಿಯ ಪಕ್ಕಕ್ಕೆ, ಉರಿ ತಡೆಯುವ ಹಳದಿ ಇಟ್ಟಿಗೆಗಳನ್ನು ಅವರು ಸಾಲಾಗಿ ಜೋಡಿಸಿಟ್ಟಿದ್ದರು. ಅವು ಶಾಖ ಹೀರಿಕೊಂಡು ಕೂತಿರುತ್ತವೆ; ಬೆಂಕಿ ಏರಿಳಿದರೂ ಒಳಗಿನ ಬಿಸಿ ಏರಿಳಿಯುವುದಿಲ್ಲ. ಆ ಚಳಿಯಲ್ಲಿ ಪೀಪಾಯಿಯನ್ನು ಹಿಡಿದಿಟ್ಟಿದ್ದೇ ಆ ಇಟ್ಟಿಗೆಗಳು. ತಾತ ತೋಳುದ್ದದ ಚರ್ಮದ ಗ್ಲೌಸ್ ಹಾಕಿಕೊಂಡು, ಮುಚ್ಚಳ ಪೂರ್ತಿ ಎತ್ತಿ, ಒಂದೊಂದಾಗಿ ಇಟ್ಟಿಗೆಗಳನ್ನು ಹೊರತೆಗೆದರು. ಅತ್ತೆ, ನನ್ನ ಹೆಂಡತಿ ಸೇರಿ ದಪ್ಪ ಟವೆಲುಗಳಲ್ಲಿ ಎರಡೆರಡು ಸುತ್ತು ಸುತ್ತಿದರು. ಉಡುಪಿಯವರು ಮನೆಯಲ್ಲಿದ್ದ ಸ್ಟೀಲ್ ಬಾಟಲಿಗಳನ್ನೆಲ್ಲ ತಂದರು. ಅವುಗಳಿಗೆ ಗೂಡಿನ ಮೇಲೆ ಕುದಿಯುತ್ತಿದ್ದ ನೀರು. ಹುಡುಗ ಅವನ್ನೆಲ್ಲ ಮಕ್ಕಳು ಜಾರಾಡುವ ಗಾಡಿಯಲ್ಲಿಟ್ಟು ಎಳೆದುಕೊಂಡು ಹೋದ. ಒಂದು ಕೋಣೆಯಲ್ಲಿ, ಎಲ್ಲ ಹೊದಿಕೆ ಸೇರಿಸಿ, ಮಗುವಿನ ಮೈಗೆ ತಾಗದ ಹಾಗೆ ಸುತ್ತಲೂ ಇಡಬೇಕೆಂದು ಅತ್ತೆ ಗೇಟಿನ ತನಕ ಹೋಗಿ ಮೂರು ಸಲ ಹೇಳಿ ಬಂದರು.

ಮುಚ್ಚಳ ತೆರೆದಿದ್ದಷ್ಟು ಹೊತ್ತಿನಲ್ಲಿ ಒಳಗಿನ ಶಾಖ 250ರಿಂದ 180ಕ್ಕೆ ಬಿದ್ದಿತ್ತು. ಮಾಂಸ ಆಗಷ್ಟೇ ಹಟ ಬಿಟ್ಟು 170 ದಾಟಿತ್ತು. ಅದೂ ಹಿಂದಕ್ಕೆ ಜಾರಿತು. ತಾತ ಒಂದು ಮಾತೂ ಆಡದೆ ಗೂಡಿಗೆ ಸೌದೆ ತುಂಬಿದರು. ತಣ್ಣಗಾದ ಇಟ್ಟಿಗೆ ವಾಪಸು ಬಂದವು, ಕಾದವು, ಮತ್ತೆ ಹೋದವು. ಪ್ರತಿ ಸಲವೂ ಮುಚ್ಚಳ ತೆರೆಯಬೇಕು, ಪ್ರತಿ ಸಲವೂ ಶಾಖ ಬೀಳಬೇಕು. ಎರಡನೆಯ ಸುತ್ತಿಗೆ ಇನ್ನೆರಡು ಮನೆಯವರು ಟವೆಲ್ ಹಿಡಿದು ಬಂದಿದ್ದರು. ಮಧ್ಯಾಹ್ನಕ್ಕೆ ಆಗಬೇಕಿದ್ದ ಊಟ ಆದದ್ದು ರಾತ್ರಿ ಹನ್ನೊಂದರ ಮೇಲೆ.

ಬೆಂದಿದೆ ಎಂದು ತೀರ್ಮಾನಿಸಿದ್ದೂ ಒಂದು ಪ್ರಸಂಗವೇ. ಥರ್ಮಾಮೀಟರು 198 ತೋರಿಸುತ್ತಿತ್ತು. ಇನ್ನು ಐದು ಡಿಗ್ರಿ ಆಗಲಿ ಎಂದರು ತಾತ. ಅತ್ತೆ ಟಾರ್ಚ್ ಹಿಡಿದು ಬಗ್ಗಿ, ಹೆಗಲ ಮೂಳೆಯ ಚಾಚಿದ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಮೂಳೆ ಒಂದು ಎಳೆ ಮಾಂಸವೂ ಅಂಟದೆ ಈಚೆ ಬಂತು. ತಾತ ಥರ್ಮಾಮೀಟರ್ ಆರಿಸಿದರು.

ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿದೆವು. ಅತ್ತೆ ಮನೆಗೆ ಹೋಗಿ ಬಾಟಲಿ ತಂದರು. ಹಣ್ಣಿನ ರಸ ಕುದಿಸಿ ಇಂಗಿಸಿದ, ಡಾಂಬರು ಬಣ್ಣದ ಕಾಚಂಪುಳಿ. ಎರಡು ಚಮಚವನ್ನು ಮಾಂಸದಿಂದ ಇಳಿದ ರಸಕ್ಕೆ ಬೆರೆಸಿ, ಹುರಿದು ಪುಡಿ ಮಾಡಿದ ಕರಿಮೆಣಸು, ಜೀರಿಗೆ, ಸಾಸಿವೆ ಹಾಕಿ, ಗೂಡಿನ ಮೇಲೆ ಒಂದು ಕುದಿ ತೆಗೆದು ಸುರಿದರು. ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿರೊಟ್ಟಿ, ತಟ್ಟುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಿಳಿ ಬ್ರೆಡ್ಡಿನ ಜೊತೆ ತಿಂದೆವು. ಅಮೆರಿಕದ ಪೂರ್ವದ ಕ್ಯಾರೊಲೈನಾ ಸೀಮೆಯಲ್ಲಿ ಹಂದಿಗೆ ಹೀಗೇ ವಿನೆಗರ್ ಸುರಿಯುತ್ತಾರೆ, ಟೆಕ್ಸಸ್‌ನವನಾಗಿ ನಾನು ಅದನ್ನು ಒಪ್ಪಬಾರದು ಎನ್ನುತ್ತಲೇ ತಾತ ಮೂರನೆಯ ಸಲ ಬಡಿಸಿಕೊಂಡರು.

ನಮ್ಮ ಬೀದಿಗೆ ಕರೆಂಟು ಬಂದದ್ದು ಗುರುವಾರ. ಅಷ್ಟರಲ್ಲಿ ನೀರಿನದೂ ಕೆಟ್ಟಿತ್ತು. ಬುಧವಾರದಿಂದ ಕುದಿಸಿಯೇ ಕುಡಿಯಿರಿ ಎಂದು ಆಸ್ಟಿನ್ ನಗರದವರು ಸಾರಿದ್ದರು. ಆ ದಿನಗಳಲ್ಲಿ ಸ್ಮೋಕರ್ ಆರಲಿಲ್ಲ. ಅನ್ನ, ಬೇಳೆ, ಮಗುವಿನ ಹಾಲು, ನೀರು ಎಲ್ಲ ಅದರ ಮೇಲೆಯೇ. ರಾಜ್ಯದ ಆರೋಗ್ಯ ಇಲಾಖೆ ಆಮೇಲೆ ಕೊಟ್ಟ ಲೆಕ್ಕದಲ್ಲಿ ಆ ಬಿರುಗಾಳಿಗೆ ಸತ್ತವರು 246 ಮಂದಿ. ಹೆಚ್ಚಿನವರು ಚಳಿಗೇ ಸತ್ತರು. ಆದರೆ ಮನೆಯೊಳಗೆ ಇದ್ದಿಲ ಒಲೆ ತಂದಿಟ್ಟು, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ವಿಷಗಾಳಿ ಕುಡಿದವರೂ ಅದರಲ್ಲಿದ್ದರು. ಆ ಸಂಖ್ಯೆ ಪೇಪರಿನಲ್ಲಿ ಬಂದ ದಿನ ಬಾಡಿಗೆ ಮನೆಯ ಹುಡುಗ ಒಂದು ಪಿಕಪ್ ತುಂಬ ಓಕ್ ಸೌದೆ ತಂದು ತಾತನ ಹಿತ್ತಲಲ್ಲಿ ಒಟ್ಟಿ ಹೋದ.

ತಾತನ ಮುಂದೆ ಈ ಕತೆ ಹೇಳುವುದು ಕಷ್ಟ. ಇಟ್ಟಿಗೆಯ ಮಾತು ಬರುವ ಹೊತ್ತಿಗೆ ಅವರು ನಡುವೆ ಬಾಯಿ ಹಾಕುತ್ತಾರೆ. ಉಳಿದದ್ದು ಏನು ಬೇಕಾದರೂ ಹೇಳು, ಆದರೆ ಆ ದಿನದ ಮಾಂಸ ಚೆನ್ನಾಗಿತ್ತು ಎಂದು ಮಾತ್ರ ಹೇಳಬೇಡ, ಅಷ್ಟು ಸಲ ಮುಚ್ಚಳ ತೆಗೆದರೆ ಯಾವ ಮಾಂಸ ಉಳಿಯುತ್ತದೆ, ಒಂದು ಮಗ್ಗುಲು ಪೂರ್ತಿ ಒಣಗಿತ್ತು, ನನ್ನ ಹೆಸರು ಕೆಡಿಸಬೇಡ ಎನ್ನುತ್ತಾರೆ. ಕಳೆದ ಸಲ ಹೀಗೇ ಆದಾಗ ಮಡಿಕೇರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಅತ್ತೆಯನ್ನೇ ಕೇಳಿದೆ.

“ಒಣಗಿತ್ತು, ಸುಳ್ಳೇಕೆ?” ಎಂದರು ಅತ್ತೆ. “ಅದಕ್ಕೇ ಅಲ್ಲವೇ ನಾನು ಎದ್ದು ಹೋಗಿ ಕಾಚಂಪುಳಿ ತಂದದ್ದು.”